ಗಾಳಿ ಬೇಡದ ಬೆಂಕಿ

ಉಡುಪಿಯ ಮೂರು ತೇರಿನ ರಾತ್ರಿ ಆಕಾಶಕ್ಕೇರುವ ಸುಡುಮದ್ದು, ಕಾರ್ಕಳದ ಕಡೆ ಕಾಡುಹಂದಿಯಿಂದ ಬೆಳೆ ಕಾಯುವ ಕೇಪಿನ ಕೋವಿ, ದೇವಸ್ಥಾನದ ಗರ್ನಾಲು: ಇವೆಲ್ಲದರ ಹಿಂದಿರುವುದು ಒಂದೇ ಹಳೆಯ ಕಪ್ಪು ಮದ್ದು. ಅದರ ನೂರು ಪಾಲಿನಲ್ಲಿ ಸುಮಾರು 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ.

ಒಲೆಯ ಸೌದೆಗೆ ಗಾಳಿ ಊದಬೇಕು. ಮದ್ದಿಗೆ ಅದು ಬೇಡ. ಪೆಟ್ಲುಪ್ಪು ಎಂದರೆ ಪೊಟ್ಯಾಸಿಯಂ ನೈಟ್ರೇಟ್. ಬಿಸಿಯಾದೊಡನೆ ತನ್ನೊಳಗಿನ ಆಮ್ಲಜನಕವನ್ನು ಇದ್ದಿಲಿಗೆ ಒದಗಿಸುತ್ತದೆ. ಗಂಧಕ ಬೇಗ ಹೊತ್ತಿಕೊಂಡು ಉರಿಯನ್ನು ಹಬ್ಬಿಸುತ್ತದೆ. ಮದ್ದಿನ ತೂಕದಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಪಾಲು ಕ್ಷಣದಲ್ಲಿ ಅನಿಲವಾಗುತ್ತದೆ. ಉಳಿದದ್ದು ಸಣ್ಣ ಕಣಗಳಾಗಿ ದಟ್ಟ ಹೊಗೆಯಾಗುತ್ತದೆ. ಬಯಲಲ್ಲಿ ಸುರಿದ ಮದ್ದು ಭುಗಿಲೆಂದು ಉರಿದು ಮುಗಿಯುತ್ತದೆ. ಸುತ್ತ ಬಿಗಿದು ಕಟ್ಟಿದರೆ ಅನಿಲ ಒತ್ತಿ ಒಡೆಯುತ್ತದೆ, ಒಂದು ಬದಿ ಬಿಟ್ಟರೆ ತಳ್ಳುತ್ತದೆ. ಗರ್ನಾಲಿಗೂ ಕೋವಿಗೂ ಇರುವ ವ್ಯತ್ಯಾಸ ಇಷ್ಟೇ.

ಚೀನಾದಲ್ಲಿ 9ನೇ ಶತಮಾನದ ಹೊತ್ತಿಗೆ ತಿಳಿದಿದ್ದ ಈ ಮಿಶ್ರಣದ ಪಾಕ 1044ರ ಯುದ್ಧಗ್ರಂಥವೊಂದರಲ್ಲಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿನ ಉತ್ಸವದ ಬಾಣಬಿರುಸುಗಳನ್ನು ಕಂಡು ಬರೆದಿದ್ದಾನೆ. ಉತ್ಸವದ ಆ ಬಾಣವನ್ನು ಹೊಸ ಬಲದೊಂದಿಗೆ ಯುದ್ಧಕ್ಕೆ ತಂದವರು ಮೈಸೂರಿನವರು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಮದ್ದನ್ನು ಕಬ್ಬಿಣದ ಕೊಳವೆಗೆ ತುಂಬಿ ಬಿದಿರಿಗೆ ಕಟ್ಟಿದರು. ಕಾಗದದ ಕೊಳವೆ ಒಡೆದುಹೋಗುವಷ್ಟು ಒತ್ತಡವನ್ನು ಕಬ್ಬಿಣ ತಾಳಿತು. ರಾಕೆಟ್ ಹೆಚ್ಚು ದೂರ ಹಾರಿತು. 1780ರ ಪೊಳ್ಳಿಲೂರು ಕದನದಲ್ಲಿ ಇಂಗ್ಲಿಷರು ಅದರ ಏಟು ತಿಂದರು. ಮೈಸೂರಿನ ರಾಕೆಟ್‌ಗಳ ಮಾದರಿಯಲ್ಲೇ ಮುಂದೆ ವಿಲಿಯಂ ಕಾಂಗ್ರೀವ್ ಇಂಗ್ಲೆಂಡಿನಲ್ಲಿ ತನ್ನ ರಾಕೆಟ್ ರೂಪಿಸಿದ.

ಮೈಸೂರಿನ ಆ ರಾಕೆಟ್‌ಗಳು ಕರಾವಳಿಯ ನಮಗೆ ದೂರದವಲ್ಲ. ಕಾಪುವಿನ ಕರಾವಳಿಯನ್ನೂ ಆಳಿದ ಕೆಳದಿ ಅರಸರ ರಾಜಧಾನಿ ಬಿದನೂರು, ಇಂದಿನ ಹೊಸನಗರ ತಾಲ್ಲೂಕಿನ ನಗರ. ಘಟ್ಟ ಹತ್ತಿದರೆ ಸಿಗುವ ಆ ಊರಿನ ಹಳೆಯ ಬಾವಿಯೊಂದರಲ್ಲಿ 2018ರಲ್ಲಿ ಸಾವಿರದಷ್ಟು ಕಬ್ಬಿಣದ ರಾಕೆಟ್‌ಗಳು ದೊರೆತವು. ಉದ್ದ ಸುಮಾರು 23ರಿಂದ 26 ಸೆಂಟಿಮೀಟರ್.

ಈ ರಸಾಯನಶಾಸ್ತ್ರ ಪುಸ್ತಕದಲ್ಲೇ ಮುಗಿಯುವಂಥದ್ದಲ್ಲ. 2024ರ ಜನವರಿಯಲ್ಲಿ ಕಾರ್ಕಳಕ್ಕೆ ಹತ್ತಿರದ ವೇಣೂರು ಬಳಿ, ಕುಕ್ಕೇಡಿಯ ಸುಡುಮದ್ದು ಘಟಕ ಸ್ಫೋಟಿಸಿ ಮೂವರು ಕೆಲಸಗಾರರು ಸತ್ತರು. ಅದೇ ವರ್ಷ ಅಕ್ಟೋಬರಿನಲ್ಲಿ ಕಾಸರಗೋಡಿನ ನೀಲೇಶ್ವರದಲ್ಲಿ ಕಿಡಿಯೊಂದು ಉತ್ಸವದ ಸುಡುಮದ್ದಿನ ದಾಸ್ತಾನಿಗೆ ತಾಗಿ ನೂರಕ್ಕೂ ಹೆಚ್ಚು ಜನ ಗಾಯಗೊಂಡರು, ಹಲವರು ಪ್ರಾಣ ಕಳೆದುಕೊಂಡರು. ಆಮ್ಲಜನಕವನ್ನು ಒಳಗೇ ಇಟ್ಟುಕೊಂಡ ಮದ್ದನ್ನು ಗೋಣಿ ಮುಚ್ಚಿ ಉಸಿರುಗಟ್ಟಿಸಲಾಗದು. ಹೊತ್ತಿದ ಮೇಲೆ ಮಾಡಬಹುದಾದದ್ದು ಕಡಿಮೆ. ಹೊತ್ತಿಕೊಳ್ಳದಂತೆ ನೋಡಿಕೊಳ್ಳುವುದೇ ಎಲ್ಲ. ದಾಸ್ತಾನು ಜನರಿಂದ ದೂರವಿರಲಿ, ಹಾರಿಸುವ ಜಾಗ ದಾಸ್ತಾನಿನಿಂದ ದೂರವಿರಲಿ. ಉತ್ಸವ ಸಮಿತಿಗಳು ಸುಡುಮದ್ದಿನ ಖರ್ಚು ಬರೆಯುವ ಮೊದಲು ಈ ಎರಡು ದೂರಗಳನ್ನು ಅಳೆಯಬೇಕು.