ಬೆಳ್ಳಿತೆರೆಯಲ್ಲಿ ಗೊಂಬೆಗಳು ಹೇಳುವ ಕಥೆ

ಹೆಗ್ಗರಣೆಯ ಸುತ್ತಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ನಾವು ಬಲ್ಲ ಕಥೆಯನ್ನೇ ಯಕ್ಷಗಾನದಲ್ಲಿ ಮತ್ತೆ ಮತ್ತೆ ನೋಡುವವರು. ಮುಂದೇನೆಂಬುದಕ್ಕಿಂತ ಅದನ್ನು ಹೇಗೆ ತೋರಿಸುವರೆಂಬುದೇ ನಮ್ಮನ್ನು ಹಿಡಿದು ಕೂರಿಸುತ್ತದೆ. ಹಳೆಯ ಕಥೆಗಳ ಗೊಂಬೆ ಚಲನಚಿತ್ರಗಳನ್ನು ಅಳೆಯಲೂ ಈ ಅಳತೆಗೋಲೇ ಸಾಕು.

ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನದವರು ಉಳಿಸಿ ಬೆಳೆಸಿದ ಯಕ್ಷಗಾನ ಸೂತ್ರದ ಗೊಂಬೆಯಾಟವನ್ನು ನೋಡಿರಿ. ಮರದ ಮುಖ ನಟನಂತೆ ನಗದು, ಅಳದು. ಭಾಗವತರ ಪದ, ಚೆಂಡೆಯ ಪೆಟ್ಟು, ಸೂತ್ರದ ಸೆಳೆತ ಅದಕ್ಕೆ ಜೀವ ತುಂಬುತ್ತವೆ. ಉಳಿದುದನ್ನು ನೋಡುಗರ ಮನಸ್ಸೇ ತುಂಬಿಕೊಳ್ಳುತ್ತದೆ.

ಚಲನಚಿತ್ರದಲ್ಲಿ ಸೂತ್ರವಿಲ್ಲದೆಯೂ ಗೊಂಬೆ ನಡೆಯಬಲ್ಲದು. ಅದನ್ನು ಕೂದಲೆಳೆಯಷ್ಟು ಸರಿಸಿ ಒಂದೊಂದೇ ಚಿತ್ರ ತೆಗೆಯುತ್ತಾರೆ; ತೆರೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಜರ್ಮನಿಯ ಲೊಟೆ ರೈನಿಗರ್ ಅರೇಬಿಯನ್ ಕಥೆಗಳನ್ನು ಆಧರಿಸಿ 1926ರಲ್ಲಿ ತೆರೆಗೆ ತಂದ ರಾಜಕುಮಾರ ಅಹಮದನ ಚಿತ್ರ ನಮ್ಮ ತೊಗಲುಗೊಂಬೆಯಾಟದ ದೂರದ ನೆಂಟನಂತಿದೆ: ಅಲ್ಲಿರುವುದು ಬರಿಯ ನೆರಳು. ಚೆಕ್ ಕಲಾವಿದ ಯಿರ್ಜಿ ತ್ರಂಕಾ 1959ರಲ್ಲಿ ಷೇಕ್ಸ್‌ಪಿಯರನ ನಡುಬೇಸಗೆಯ ಕನಸನ್ನು ಗೊಂಬೆಗಳಿಂದ ಆಡಿಸಿದರು. ಬೆಳಕು ಬೀಳುವ ಬಗೆಯಿಂದಲೇ ಬದಲಾಗದ ಮುಖದಲ್ಲಿ ಭಾವ ಮೂಡಿಸುವುದು ಅವರ ಕೌಶಲ.

ಕಥೆಯನ್ನು ಬದಲಿಸುವುದು ತಪ್ಪಲ್ಲ. 1883ರಲ್ಲಿ ಪುಸ್ತಕವಾದ ಪಿನೋಕಿಯೋ ಕಥೆಯನ್ನು ಗಿಯೆರ್ಮೊ ದೆಲ್ ತೊರೊ 2022ರ ಚಿತ್ರದಲ್ಲಿ ಮುಸೊಲಿನಿಯ ಇಟಲಿಗೆ ತಂದರು. ಆದರೂ ತಂದೆ ಮಗನ ನಂಟೆಂಬ ಮೂಲ ಎಳೆ ಕಡಿಯಲಿಲ್ಲ.

ಆ ಎಳೆ ಕಡಿದರೆ ಉಳಿಯುವುದು ಆಟಿಕೆಯ ಚೇಷ್ಟೆ ಮಾತ್ರ. ಮಕ್ಕಳು ನಕ್ಕು ಏಳುತ್ತಾರೆ, ಕಥೆ ಅವರಿಗೆ ದಕ್ಕುವುದಿಲ್ಲ. ಆದುದರಿಂದ ತಾಯಂದಿರೂ ತಂದೆಯರೂ ಮಕ್ಕಳೊಡನೆ ಕುಳಿತು ನೋಡಲಿ. ಗೊಂಬೆ ಸುಮ್ಮನೆ ನಿಂತಾಗ ಅದರ ಮನಸ್ಸಿನಲ್ಲಿ ಏನಿತ್ತೆಂದು ಕೇಳಲಿ. ಮಗು ಉತ್ತರ ಹೇಳಿತಾದರೆ ಆ ಚಿತ್ರ ಗೆದ್ದಿತೆಂದೇ ನಾವು ಭಾವಿಸುತ್ತೇವೆ.