ಬಾತಿನ ಮೊಟ್ಟೆಗೆ ಕೋಳಿಯ ಕಾವು: ಕೊನೆಯ ಏಳು ದಿನದ ಲೆಕ್ಕ

ನಾಲ್ಕಾರು ಬಾತುಕೋಳಿ ಸಾಕಿಕೊಂಡಿರುವ ರೈತ ಬಾಂಧವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ. ಬಾತು ಮೊಟ್ಟೆಯನ್ನೇನೋ ಚೆನ್ನಾಗಿ ಇಡುತ್ತದೆ, ಆದರೆ ಕಾವಿಗೆ ಕೂರುವುದಿಲ್ಲ. ಹಾಗಾದರೆ ಮರಿ ಮಾಡಿಸುವುದು ಹೇಗೆ? ಇದಕ್ಕೆ ಉತ್ತರ ಹೆಚ್ಚಿನವರ ಹಿತ್ತಲಿನಲ್ಲೇ ಇದೆ. ಕಾವಿಗೆ ಬಂದ ನಾಟಿ ಹೇಂಟೆಯ ಕೆಳಗೆ ಬಾತಿನ ಮೊಟ್ಟೆ ಇಟ್ಟರೆ ಅದು ತನ್ನದೆಂದೇ ತಿಳಿದು ಕಾವು ಕೊಡುತ್ತದೆ. ಭತ್ತದ ಬಯಲಿಗೂ ಬಾತಿಗೂ ಹೆಸರಾದ ಕೇರಳದ ಕುಟ್ಟನಾಡಿನಲ್ಲಿ ಇದು ಹಿಂದಿನಿಂದಲೂ ನಡೆದು ಬಂದ ಪದ್ಧತಿ. ಆದರೆ ನಮ್ಮಲ್ಲಿ ಇದನ್ನು ಮಾಡಿ ನೋಡಿದ ಹಲವರು, ‘ಕೋಳಿ ಕೊನೆಯಲ್ಲಿ ಕೈ ಕೊಟ್ಟಿತು, ಮೊಟ್ಟೆಯೆಲ್ಲ ಹಾಳಾಯಿತು’ ಎಂದು ಬೇಸರದಿಂದ ಹೇಳುತ್ತಾರೆ. ಕೋಳಿಯ ಮೇಲೆ ಹೊರಿಸುವ ಈ ತಪ್ಪು ಬಹುಪಾಲು ಕೋಳಿಯದಲ್ಲ.

ಬಾತು ಏಕೆ ಕಾವಿಗೆ ಕೂರುವುದಿಲ್ಲ ಎಂಬುದನ್ನು ಮೊದಲು ನೋಡೋಣ. ಮೊಟ್ಟೆಗಾಗಿ ಸಾಕುವ ಖಾಕಿ ಕ್ಯಾಂಪ್‌ಬೆಲ್ ತಳಿಯನ್ನು ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿ ಕ್ಯಾಂಪ್‌ಬೆಲ್ ಎಂಬ ಮಹಿಳೆ 1900ರ ಸುಮಾರಿಗೆ ಬೆಳೆಸಿದರು. ಒಳ್ಳೆಯ ಪಾಲನೆ ಸಿಕ್ಕರೆ ಇದು ವರ್ಷಕ್ಕೆ 250ರಿಂದ 300 ಮೊಟ್ಟೆ ಇಡಬಲ್ಲದು. ಕಾವಿಗೆ ಕೂತ ಹಕ್ಕಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಆದ್ದರಿಂದ ಹೆಚ್ಚು ಮೊಟ್ಟೆ ಬೇಕೆಂದು ತಳಿ ಆರಿಸುತ್ತ ಹೋದಂತೆ ಕಾವಿನ ಗುಣ ತಾನಾಗಿಯೇ ಕಳೆದುಹೋಯಿತು. ಬಿಳಿ ಲೆಗಾರ್ನ್ ಕೋಳಿಯಲ್ಲಿ ಆಗಿರುವುದೂ ಇದೇ. ಮುಖದ ಮೇಲೆ ಕೆಂಪು ಗಂಟುಗಳಿರುವ ಮಸ್ಕೋವಿ ಬಾತು ಮಾತ್ರ ಇದಕ್ಕೆ ಹೊರತು. ಅದು ತಾನೇ ಶ್ರದ್ಧೆಯಿಂದ ಕಾವಿಗೆ ಕೂರುತ್ತದೆ. ಅದರ ಮೊಟ್ಟೆಗೆ 33ರಿಂದ 35 ದಿನ ಬೇಕಾದ್ದರಿಂದ ಕೋಳಿಯ ಕೆಳಗೆ ಇಡದಿರುವುದೇ ಲೇಸು.

ಉಳಿದ ಬಾತುಗಳ ಮೊಟ್ಟೆಗೆ 28 ದಿನ ಬೇಕು. ಕೋಳಿ ಮೊಟ್ಟೆಗೆ 21 ದಿನ. ಸೋಲು ಗೆಲುವು ಎರಡೂ ಈ ಏಳು ದಿನದ ವ್ಯತ್ಯಾಸದಲ್ಲೇ ಇದೆ.

ಕೋಳಿಗೆ ಪಂಚಾಂಗ ಗೊತ್ತಿಲ್ಲ

ಇಪ್ಪತ್ತೊಂದು ದಿನ ಮುಗಿದ ಕೂಡಲೇ ಹೇಂಟೆ ಎದ್ದು ಹೋಗುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಇದು ನಿಜವಲ್ಲ. ಹೇಂಟೆ ದಿನ ಎಣಿಸುವುದಿಲ್ಲ. ಮೊಟ್ಟೆಯೊಳಗಿಂದ ಮರಿಯ ಸದ್ದು ಕೇಳಿ, ಹೊಟ್ಟೆಯ ಕೆಳಗೆ ಮರಿ ಓಡಾಡಿದಾಗಲೇ ಅದರ ಮನಸ್ಸು ಕಾವಿನಿಂದ ಮರಿಯ ಕಡೆಗೆ ತಿರುಗುವುದು. ಮರಿ ಹೊರಬಾರದಿದ್ದರೆ ಇಪ್ಪತ್ತೊಂದು ದಿನ ಕಳೆದ ಮೇಲೂ ಎಷ್ಟೋ ಹೇಂಟೆಗಳು ಕೂತೇ ಇರುತ್ತವೆ. ಬರಿ ಮಣ್ಣಿನ ಮೇಲೆ ವಾರಗಟ್ಟಲೆ ಕೂರುವ ಹೇಂಟೆಯನ್ನು ಓಡಿಸಲು ಮನೆಯ ಹೆಂಗಸರು ಪಡುವ ಪಾಡನ್ನು ಎಲ್ಲರೂ ಕಂಡಿದ್ದೇವೆ.

ಹಾಗಿದ್ದೂ ಹೇಂಟೆ ಮಧ್ಯದಲ್ಲಿ ಎದ್ದು ಹೋಗುವುದಕ್ಕೆ ಬೇರೆ ಕಾರಣಗಳಿವೆ. ಹಸಿವು, ಹೇನು, ಬೇಸಿಗೆಯ ಧಗೆ, ನಾಯಿ ಬೆಕ್ಕಿನ ಕಾಟ ಇವು ಮುಖ್ಯ. ಇವೆಲ್ಲಕ್ಕಿಂತ ಹೆಚ್ಚಾಗಿ ಮೊಟ್ಟೆ ಹಾಳುಮಾಡುವ ಕಾರಣ ಇನ್ನೊಂದಿದೆ. ಜಾಗ ಉಳಿದಿದೆ ಎಂದು ಬಾತಿನ ಮೊಟ್ಟೆಯ ಜೊತೆಗೆ ಅದೇ ದಿನ ಎರಡು ಮೂರು ಕೋಳಿ ಮೊಟ್ಟೆಯನ್ನೂ ಇಡುತ್ತಾರೆ. ಇಪ್ಪತ್ತೊಂದನೆಯ ದಿನ ಕೋಳಿ ಮರಿ ಹೊರಬರುತ್ತದೆ. ಒಂದೆರಡು ದಿನದಲ್ಲಿ ಹೇಂಟೆ ಅವನ್ನು ಕರೆದುಕೊಂಡು ಮೇಯಿಸಲು ಹೊರಡುತ್ತದೆ. ಇನ್ನೊಂದು ವಾರ ಕಾವು ಬೇಕಾಗಿದ್ದ ಬಾತಿನ ಮೊಟ್ಟೆ ತಣ್ಣಗಾಗಿ ಒಳಗೇ ಮರಿ ಸಾಯುತ್ತದೆ. ಒಡೆದು ನೋಡಿದರೆ ಪುಕ್ಕ ಬಂದ, ಪೂರ್ತಿ ಬೆಳೆದ ಮರಿ! ಬೆರೆಸಲೇಬೇಕೆಂದಿದ್ದರೆ ಕೋಳಿ ಮೊಟ್ಟೆಯನ್ನು ಏಳು ದಿನ ತಡವಾಗಿ ಇಡಬೇಕು. ಆದರೆ ನನ್ನ ಸಲಹೆ ಬೆರೆಸಬಾರದೆಂದೇ. ಬಾತಿನ ಮರಿ ನೀರು ಚೆಲ್ಲಿ ಗೂಡನ್ನೆಲ್ಲ ಒದ್ದೆ ಮಾಡುತ್ತದೆ, ಕೋಳಿ ಮರಿ ಶೀತದಿಂದ ಸೊರಗುತ್ತದೆ.

ಇನ್ನೊಂದು ಲೆಕ್ಕವನ್ನೂ ಮರೆಯುವಂತಿಲ್ಲ. ಹೇಂಟೆ ಹತ್ತು ದಿನದಿಂದ ಖಾಲಿ ಗೂಡಿನಲ್ಲಿ ಕೂತಿರುತ್ತದೆ. ಆಮೇಲೆ ನಾವು ಮೊಟ್ಟೆ ಹುಡುಕಿ ತಂದು ಇಡುತ್ತೇವೆ. ಆಗ ಅದು ಒಟ್ಟು 38 ದಿನ ಅರೆಹೊಟ್ಟೆಯಲ್ಲಿ ಕೂರಬೇಕಾಗುತ್ತದೆ. ಕಾವಿನ ಕೋಳಿ ದಿನಕ್ಕೊಮ್ಮೆ ಎದ್ದು ಸ್ವಲ್ಪ ತಿಂದು ಬರುವುದಷ್ಟೆ. ಉಳಿದ ಕಾಲವೆಲ್ಲ ಮೈಯ ಕೊಬ್ಬನ್ನೇ ಕರಗಿಸಿ ಬದುಕುತ್ತದೆ. ಆದ್ದರಿಂದ ಹೊಸದಾಗಿ ಕಾವಿಗೆ ಬಂದ, ಮೈ ತುಂಬಿಕೊಂಡಿರುವ, ಹಿಂದೆ ಒಂದೆರಡು ಸಲ ಮರಿ ಮಾಡಿದ ಹೇಂಟೆಯನ್ನೇ ಆರಿಸಬೇಕು. ಮೊದಲು ಎರಡು ದಿನ ನಾಲ್ಕು ಹಳೆಯ ಮೊಟ್ಟೆ ಇಟ್ಟು ನೋಡಿರಿ. ಕೈ ಹಾಕಿದಾಗ ಪುಕ್ಕ ಕೆದರಿ, ಗುರುಗುಟ್ಟಿ ಕುಕ್ಕಲು ಬಂದರೂ ಏಳದಿದ್ದರೆ ಅದು ನಂಬಬಹುದಾದ ಹೇಂಟೆ. ಗಿರಿರಾಜ ಕೋಳಿಗೆ ಮೈಕಟ್ಟು ದೊಡ್ಡದಿದ್ದರೂ ಅದು ಈ ಕೆಲಸಕ್ಕೆ ಬಾರದು.

ಮೊಟ್ಟೆಯ ಆಯ್ಕೆ

ಗಂಡು ಬಾತು ಇಲ್ಲದ ಹಿಂಡಿನ ಮೊಟ್ಟೆ ಮರಿಯಾಗುವುದಿಲ್ಲ. ಆರೇಳು ಹೆಣ್ಣಿಗೆ ಒಂದು ಗಂಡು ಇರಬೇಕು. ಕೊಯ್ಲಾದ ಗದ್ದೆಗಳಿಗೆ ಹಿಂಡು ಹೊಡೆದುಕೊಂಡು ಬರುವವರಿಂದ ಮೊಟ್ಟೆ ಕೊಳ್ಳುವಾಗ ಇದನ್ನು ಕೇಳಿ ನೋಡಿ ಕೊಳ್ಳತಕ್ಕದ್ದು. ಬಾತು ಬೆಳಗಿನ ಜಾವದಿಂದ ಒಂಬತ್ತು ಗಂಟೆಯೊಳಗೆ ಮೊಟ್ಟೆ ಇಟ್ಟು ಮುಗಿಸುತ್ತದೆ. ಅಲ್ಲಿಯವರೆಗೆ ಅದನ್ನು ಒಣ ಹುಲ್ಲು ಹಾಸಿದ ದೊಡ್ಡಿಯಲ್ಲೇ ಕೂಡಿಹಾಕಿದರೆ ಮೊಟ್ಟೆ ಕೆರೆಯ ಪಾಲಾಗದು, ಕೆಸರೂ ಮೆತ್ತಿಕೊಳ್ಳದು. ಕೊಳೆಯಾದ ಮೊಟ್ಟೆಯನ್ನು ತೊಳೆದು ಇಡುವುದಕ್ಕಿಂತ ಅಡುಗೆಗೆ ಬಳಸುವುದು ಉತ್ತಮ. ಕೂಡಿಟ್ಟ ಮೊಟ್ಟೆ ಏಳು ದಿನಕ್ಕಿಂತ ಹಳೆಯದಾಗಬಾರದು. ಒದ್ದೆ ಮರಳಿನ ಮೇಲೆ ಕೂರಿಸಿದ ಮಣ್ಣಿನ ಗಡಿಗೆಯಲ್ಲಿ, ಚೂಪು ತುದಿ ಕೆಳಗಾಗಿ ಇಟ್ಟರೆ ತಂಪಾಗಿರುತ್ತದೆ.

ಎಷ್ಟು ಮೊಟ್ಟೆ? ನಾಟಿ ಕೋಳಿಯ ಮೊಟ್ಟೆ 40 ಗ್ರಾಂ ಆಸುಪಾಸಿನಲ್ಲಿದ್ದರೆ ಬಾತಿನದು 65ರಿಂದ 70 ಗ್ರಾಂ ತೂಗುತ್ತದೆ. ತನ್ನ ಹತ್ತು ಹನ್ನೆರಡು ಮೊಟ್ಟೆ ಮುಚ್ಚುವ ಹೇಂಟೆಗೆ ಬಾತಿನವು ಆರು, ಹೆಚ್ಚೆಂದರೆ ಎಂಟು ಸಾಕು. ಆಸೆಗೆ ಹತ್ತು ಇಟ್ಟರೆ ಅಂಚಿನ ಮೊಟ್ಟೆಗೆ ಕಾವು ಸಾಲದು. ಹೇಂಟೆ ಮೊಟ್ಟೆಗಳನ್ನು ದಿನವೂ ಸರಿಸುವುದರಿಂದ ಇಂದು ಅಂಚಿನಲ್ಲಿದ್ದದ್ದು ನಾಳೆ ನಡುವಿಗೆ, ನಡುವಿನದು ಅಂಚಿಗೆ ಹೋಗುತ್ತದೆ. ಕೊನೆಗೆ ಎರಡಲ್ಲ, ಎಲ್ಲವೂ ಕೆಡುತ್ತವೆ.

ಗೂಡಿಗೆ ಮಬ್ಬು ಬೆಳಕಿನ, ಜನ ಓಡಾಡದ ಮೂಲೆ ಒಳ್ಳೆಯದು. ನೆಲದಲ್ಲಿ ತಟ್ಟೆಯಾಕಾರದ ತಗ್ಗು ಮಾಡಿ, ಹಸಿ ಮಣ್ಣು ಹಾಸಿ, ಅದರ ಮೇಲೆ ಭತ್ತದ ಹುಲ್ಲು ಹರಡಬೇಕು. ಬಿದಿರು ಬುಟ್ಟಿಯಾದರೆ ತಳದಲ್ಲಿ ಮರಳು ಹಾಕಿರಿ. ಹುಲ್ಲಿನ ಕೆಳಗೆ ಒಲೆಯ ಬೂದಿ, ಬೇವಿನ ಎಲೆ ಸೇರಿಸಿದರೆ ಹೇನು ಕಡಿಮೆಯಾಗುತ್ತದೆ. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಕೆಲವೆಡೆ ಗೂಡಿನಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡುವ ರೂಢಿಯಿದೆ. ಇಟ್ಟರೆ ನಷ್ಟವೇನಿಲ್ಲ, ಗುಡುಗಿನಿಂದ ಮೊಟ್ಟೆ ಕೆಡುವುದೂ ಇಲ್ಲ. ಹೇಂಟೆಯನ್ನು ಕತ್ತಲಾದ ಮೇಲೆ ಮೊಟ್ಟೆಯ ಮೇಲೆ ಕೂರಿಸಿ. ಸಂತೆಯ ದಿನ ರಾತ್ರಿ ಕೂರಿಸಿದರೆ ಲೆಕ್ಕ ಸುಲಭ. ಅಲ್ಲಿಂದ ನಾಲ್ಕನೆಯ ಸಂತೆಯ ಹೊತ್ತಿಗೆ ಮರಿ.

ನೀರು ಚಿಮುಕಿಸುವುದು

ತಾಯಿ ಬಾತು ನೀರಿಗೆ ಹೋಗಿ ಬಂದು ಒದ್ದೆ ಪುಕ್ಕದಲ್ಲೇ ಮೊಟ್ಟೆಯ ಮೇಲೆ ಕೂರುತ್ತದೆ. ಕೋಳಿಯ ಮೈ ಒಣಗಿರುತ್ತದೆ. ಈ ಕೊರತೆಯನ್ನು ನಾವು ತುಂಬಬೇಕು. ಎರಡನೆಯ ವಾರದಿಂದ, ಹೇಂಟೆ ಮೇಯಲು ಎದ್ದಾಗ ದಿನಕ್ಕೊಮ್ಮೆ ಬೆರಳಿನಿಂದ ಉಗುರು ಬೆಚ್ಚಗಿನ ನೀರನ್ನು ಮೊಟ್ಟೆಗಳ ಮೇಲೆ ಚಿಮುಕಿಸಬೇಕು. ತಣ್ಣೀರು ಬೇಡ.

ಇದನ್ನು ಕುರುಡಾಗಿ ಮಾಡುವುದೂ ಸರಿಯಲ್ಲ. ಬಿಸಿಲು ಕಾಲದ ರಾಯಚೂರು, ಬಳ್ಳಾರಿ ಕಡೆಯ ಒಣಗಾಳಿಗೆ ಬೇಕಾದಷ್ಟು ನೀರು ಮಳೆಗಾಲದ ಮಲೆನಾಡಿಗೆ ಬೇಡ. ಎಷ್ಟು ಬೇಕೆಂಬುದನ್ನು ಮೊಟ್ಟೆಯೇ ಹೇಳುತ್ತದೆ. ರಟ್ಟಿನ ಡಬ್ಬಿಗೆ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ತೂತು ಮಾಡಿ, ಒಳಗೆ ಟಾರ್ಚು ಹೊತ್ತಿಸಿಟ್ಟು, ಕತ್ತಲಲ್ಲಿ ಮೊಟ್ಟೆಯ ದಪ್ಪ ತುದಿಯನ್ನು ತೂತಿಗೆ ಹಿಡಿಯಿರಿ. ಏಳನೆಯ ದಿನ ಕೆಂಪು ನರಗಳು ಜೇಡನ ಬಲೆಯಂತೆ ಹರಡಿದ್ದರೆ ಜೀವವಿದೆ. ಏನೂ ಕಾಣದೆ ತಿಳಿಯಾಗಿದ್ದರೆ ಅದು ಬರಡು ಮೊಟ್ಟೆ, ತೆಗೆದುಬಿಡಿ. ದಪ್ಪ ತುದಿಯ ಗಾಳಿಕೋಣೆ ವಾರದಿಂದ ವಾರಕ್ಕೆ ದೊಡ್ಡದಾಗುತ್ತ, 25ನೆಯ ದಿನಕ್ಕೆ ಮೊಟ್ಟೆಯ ಸುಮಾರು ಮೂರನೆಯ ಒಂದು ಭಾಗ ತುಂಬಿರಬೇಕು. ಅದು ಚಿಕ್ಕದಾಗಿಯೇ ಉಳಿದಿದ್ದರೆ ತೇವ ಹೆಚ್ಚಾಗಿದೆ, ಚಿಮುಕಿಸುವುದನ್ನು ನಿಲ್ಲಿಸಿ. ಬೇಗ ದೊಡ್ಡದಾಗುತ್ತಿದ್ದರೆ ನೀರು ಸಾಲದು. ಹದಿನಾಲ್ಕನೆಯ ದಿನ ಮತ್ತೊಮ್ಮೆ ನೋಡಿ, ಬೆಳವಣಿಗೆ ನಿಂತವನ್ನು ತೆಗೆಯಬೇಕು. ಕೆಟ್ಟ ಮೊಟ್ಟೆ ಗೂಡಿನಲ್ಲೇ ಒಡೆದರೆ ಉಳಿದವಕ್ಕೂ ಸೋಂಕು ತಗಲುತ್ತದೆ.

ಸಣ್ಣ ಹೇಂಟೆಗೆ ಬಾತಿನ ಮೊಟ್ಟೆ ಹೊರಳಿಸುವುದು ಭಾರದ ಕೆಲಸ. ಒಂದು ಪಕ್ಕಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕಿ, ದಿನಕ್ಕೆರಡು ಸಲ ನೀವೇ ಹೊರಳಿಸಿ. 25ನೆಯ ದಿನದಿಂದ ಹೊರಳಿಸಬಾರದು.

ಈ ನಾಲ್ಕು ವಾರವೂ ಹೇಂಟೆಯನ್ನು ದಿನಕ್ಕೊಮ್ಮೆ ಕೈಯಾರೆ ಎಬ್ಬಿಸಿ ಹೊರಗೆ ಬಿಡತಕ್ಕದ್ದು. ಜೋಳ, ಗೋವಿನಜೋಳದಂಥ ಇಡೀ ಕಾಳು ಮತ್ತು ನೀರು ಕೊಡಿ. ಕಾಳು ತಿಂದರೆ ಹಿಕ್ಕೆ ಗಟ್ಟಿಯಾಗಿ ಗೂಡು ಹೊಲಸಾಗದು. ಬೂದಿ ಮಣ್ಣಿನಲ್ಲಿ ಹೊರಳಾಡಲು ಬಿಡಿ. ಕಾಲು ಗಂಟೆ, ಇಪ್ಪತ್ತು ನಿಮಿಷ ಎದ್ದಿದ್ದರೆ ಮೊಟ್ಟೆಗೆ ಹಾನಿಯಿಲ್ಲ. ಮೂರನೆಯ ವಾರ ಮುಗಿಯುವಾಗ ಹೇಂಟೆಯ ಎದೆಮೂಳೆ ಕೈಗೆ ಚೂಪಾಗಿ ಸಿಕ್ಕಿ, ಜುಟ್ಟು ಬಿಳಿಚಿಕೊಂಡಿದ್ದರೆ ಅದನ್ನು ಇನ್ನು ಕೂರಿಸುವುದು ಸರಿಯಲ್ಲ. ಮನೆಯಲ್ಲೋ ನೆರೆಯಲ್ಲೋ ಕಾವಿಗೆ ಬಂದ ಇನ್ನೊಂದು ಹೇಂಟೆ ಇದ್ದರೆ ರಾತ್ರಿ ಅದರ ಕೆಳಗೆ ಮೊಟ್ಟೆ ಬದಲಾಯಿಸಬಹುದು. ನಾಲ್ಕು ವಾರದ ಭಾರವನ್ನು ಇಬ್ಬರು ಹಂಚಿಕೊಂಡಂತೆ. ಮುಂಚಿತವಾಗಿ ನೆರೆಯವರೊಡನೆ ಮಾತಾಡಿಕೊಂಡಿದ್ದರೆ ಮೊಟ್ಟೆಗಳನ್ನು ಕಳೆದುಕೊಳ್ಳುವ ಪ್ರಮೇಯ ಬಾರದು.

ಮೊಟ್ಟೆ ಕುಟ್ಟಿದ ಗುರುತು ಕಂಡ ಮೇಲೆ ಮರಿ ಹೊರಬರಲು ಒಂದು ದಿನ, ಕೆಲವು ಸಲ ಎರಡು ದಿನ ಹಿಡಿಯುತ್ತದೆ. ಕೋಳಿ ಮರಿಯ ಚುರುಕು ಕಂಡವರಿಗೆ ಇದು ಬಹಳ ತಡವೆನಿಸುತ್ತದೆ. ಮರಿ ಆ ಹೊತ್ತಿನಲ್ಲಿ ಸಿಪ್ಪೆಯ ಒಳಪೊರೆಯ ರಕ್ತವನ್ನೂ ಹೊಟ್ಟೆಯ ಬಳಿ ಉಳಿದ ಭಂಡಾರವನ್ನೂ ಮೈಯೊಳಕ್ಕೆ ಸೆಳೆದುಕೊಳ್ಳುತ್ತಿರುತ್ತದೆ. ಸಹಾಯ ಮಾಡಹೋಗಿ ಸಿಪ್ಪೆ ಸುಲಿದರೆ ರಕ್ತ ಸೋರಿ ಮರಿ ಸಾಯುತ್ತದೆ. ಕೈ ಕಟ್ಟಿ ಕೂರುವುದೇ ಇಲ್ಲಿ ಕೆಲಸ.

ಮರಿ ನೀರಿಗೆ ಹೋಗದಿರಲಿ

ಬಾತಿನ ಮರಿಗೆ ನೀರಿನ ಭಯವೆಲ್ಲಿ ಎಂದು ಕೇಳಬಹುದು. ತಾಯಿ ಬಾತಿನ ಹೊಟ್ಟೆಯ ಕೆಳಗೆ ಬೆಳೆದ ಮರಿಗೆ ತಾಯಿಯ ಪುಕ್ಕದ ಎಣ್ಣೆ ಅಂಟಿ ಅದರ ಮೈ ನೆನೆಯದು. ಕೋಳಿಯ ಕೆಳಗೆ ಹುಟ್ಟಿದ ಮರಿಗೆ ಆ ಎಣ್ಣೆ ಸಿಗುವುದಿಲ್ಲ. ಮೊದಲ ಮೂರು ನಾಲ್ಕು ವಾರ ಹೊಂಡಕ್ಕೆ ಇಳಿದರೆ ನೆನೆದು, ಚಳಿ ಹಿಡಿದು ಸಾಯುವುದುಂಟು. ದಡದಲ್ಲಿ ಹೇಂಟೆ ಕೂಗುತ್ತ ಅತ್ತಿತ್ತ ಓಡುತ್ತದೆಯೇ ಹೊರತು ಏನೂ ಮಾಡಲಾರದು. ಆದ್ದರಿಂದ ಈ ಕಾಲದಲ್ಲಿ ಹೇಂಟೆ ಮರಿಗಳನ್ನು ಬೇಲಿಯೊಳಗೇ ಇಡಬೇಕು. ಕುಡಿಯುವ ನೀರಿನ ಪಾತ್ರೆ ಮಾತ್ರ ಕೊಕ್ಕು, ಮೂಗಿನ ಹೊಳ್ಳೆ ಮುಳುಗುವಷ್ಟು ಆಳವಿರಲಿ. ಮೈ ಇಳಿಯದಂತೆ ನಡುವೆ ಒಂದು ಕಲ್ಲು ಇಟ್ಟರಾಯಿತು.

ಒಣ ಹಿಟ್ಟು ಗಂಟಲಿಗೆ ಸಿಕ್ಕಿಕೊಳ್ಳುವುದರಿಂದ ನುಚ್ಚು, ತವುಡು, ರಾಗಿ ಹಿಟ್ಟನ್ನು ನೀರಿನಲ್ಲಿ ಕಲಸಿ, ಹುಳಿಯಾಗುವ ಮುನ್ನ ತಿಂದು ಮುಗಿಯುವಷ್ಟೇ ಕೊಡಿ. ಜೊತೆಗೆ ಬಸವನಹುಳು, ಎರೆಹುಳು, ಸೊಪ್ಪು. ಕಡಲೆಕಾಯಿ ಹಿಂಡಿಯ ವಿಷಯದಲ್ಲಿ ಮಾತ್ರ ಬಹಳ ಎಚ್ಚರಿಕೆ ಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಸುಮಾರು ಒಂದು ಲಕ್ಷದಷ್ಟು ಸತ್ತಾಗ, ಬಾತಿನ ಮರಿಗಳೂ ಸತ್ತವು. ಕಾರಣ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಅಫ್ಲಟಾಕ್ಸಿನ್ ಎಂಬ ವಿಷ ಗೊತ್ತಾದದ್ದೇ ಆಗ. ಕೋಳಿಮರಿ ತಡೆದುಕೊಳ್ಳುವ ಪ್ರಮಾಣದ ವಿಷವೂ ಬಾತಿನ ಮರಿಯ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಬೂಷ್ಟಿನ ವಾಸನೆ ಇರುವ ಹಿಂಡಿ, ಮಳೆಗೆ ನೆಂದ ಗೋವಿನಜೋಳ ಎರಡನ್ನೂ ಇವುಗಳ ಹತ್ತಿರ ತರಬಾರದು.

ಬಾತು ಪ್ಲೇಗಿಗೆ ಲಸಿಕೆ ಇದೆ. ಮರಿಗೆ ಎರಡು ತಿಂಗಳಾಗುವ ಹೊತ್ತಿಗೆ ಹತ್ತಿರದ ಪಶುವೈದ್ಯ ಆಸ್ಪತ್ರೆಯಲ್ಲಿ ವಿಚಾರಿಸಿ ಹಾಕಿಸಿರಿ. ಕುಟ್ಟನಾಡಿನ ಹಿಂಡುಗಳಲ್ಲಿ 2014ರಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಅಪಾರ ನಷ್ಟವಾಯಿತು. ಕಾರಣ ತಿಳಿಯದೆ ಒಂದರ ಹಿಂದೊಂದು ಬಾತು ಸತ್ತರೆ ಮುಟ್ಟದೆ, ಮಾರದೆ, ವೈದ್ಯರಿಗೆ ಅದೇ ದಿನ ತಿಳಿಸಬೇಕು.

ಗಂಡು ಹೆಣ್ಣು ಯಾವುದೆಂದು ಎರಡು ತಿಂಗಳ ಸುಮಾರಿಗೆ ಕೂಗಿನಿಂದಲೇ ಗೊತ್ತಾಗುತ್ತದೆ. ಗಟ್ಟಿಯಾಗಿ ‘ಕ್ವಾಕ್’ ಎನ್ನುವುದು ಹೆಣ್ಣು, ಗಂಟಲು ಕಟ್ಟಿದಂತೆ ಮೆಲ್ಲಗೆ ಕೂಗುವುದು ಗಂಡು. ಮುಂದೆ ಗಂಡಿನ ಬಾಲದಲ್ಲಿ ಸುರುಳಿ ಪುಕ್ಕವೂ ಬರುತ್ತದೆ. ತಳಿಗೆ ಬೇಕಾದಷ್ಟು ಗಂಡು ಇಟ್ಟುಕೊಂಡು ಉಳಿದವನ್ನು ಮಾರಬಹುದು. ಮರಿಗಳು ತಮ್ಮಷ್ಟಕ್ಕೆ ನೀರಿಗೆ ಇಳಿಯತೊಡಗಿದಾಗ ಹೇಂಟೆಯನ್ನು ಬೇರೆ ಮಾಡಿ ಒಳ್ಳೆಯ ಮೇವು ಹಾಕಿರಿ. ಕೆಲವು ವಾರಗಳಲ್ಲಿ ಅದು ಮತ್ತೆ ತನ್ನ ಮೊಟ್ಟೆ ಇಡಲು ಆರಂಭಿಸುತ್ತದೆ. ಮುಂದಿನ ಸಲ ಕಾವಿಗೆ ಬಂದಾಗ ಅದೇ ಹೇಂಟೆಗೆ ಬಾತಿನ ಮೊಟ್ಟೆ ಇಡದೆ, ಅದರ ಮೊಟ್ಟೆಗಳನ್ನೇ ಇಡುವುದು ಒಳ್ಳೆಯದು.