ಕುಟುಂಬದ ವಾಹನದ ಒಡಲು: ತಗಡಿನ ದಪ್ಪವೂ ಉಕ್ಕಿನ ಹದವೂ

ಬೆಂಗಳೂರು-ಮಂಗಳೂರು ಹೆದ್ದಾರಿಯ ಹಿರೀಸಾವೆಯಲ್ಲಿ ಶ್ರವಣಬೆಳಗೊಳದ ದಾರಿ ಕವಲೊಡೆಯುತ್ತದೆ. ಎಡೆಯೂರಿನ ದರ್ಶನ ಮುಗಿಸಿ ಹಾಸನದತ್ತ ಸಾಗುವ ಸಂಸಾರಗಳೂ ಇಲ್ಲಿಯೇ ಹಾಯ್ದು ಹೋಗುತ್ತವೆ. ಹಿಂದೆ ಜೀಪು, ಮೆಟಡಾರ್. ಅನಂತರ ಸುಮೊ, ಕ್ವಾಲಿಸ್. ಈಗ ಇನ್ನೋವಾ ಮೊದಲಾದವು. ಇಂತಹ ವಾಹನವನ್ನು ಕೊಳ್ಳುವಾಗ ನಮ್ಮ ಹಿರಿಯರು ನಡೆಸುವ ಪರೀಕ್ಷೆಯೊಂದುಂಟು: ಬಾಗಿಲನ್ನು ಬೆರಳಿನಿಂದ ತಟ್ಟಿ ನೋಡುವುದು. ತೆಂಗಿನಕಾಯಿಯ ವಿಷಯದಲ್ಲಿ ಈ ಪರೀಕ್ಷೆ ನಂಬತಕ್ಕದ್ದು. ವಾಹನದ ವಿಷಯದಲ್ಲಿ ಅಲ್ಲ.

ನಾವು ತಟ್ಟುವ ಹೊರತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತಲೂ ತೆಳುವಾದುದು. ಅದು ಗಾಳಿ ಮಳೆಗಳನ್ನು ತಡೆಯುವ ಹೊದಿಕೆಯಷ್ಟೇ. ಒಳಗೆ ಕುಳಿತವರನ್ನು ಕಾಯುವ ಅಸ್ಥಿಪಂಜರ ಅದರ ಹಿಂದೆ, ಕಣ್ಣಿಗೆ ಬೀಳದಂತೆ ಅಡಗಿರುತ್ತದೆ.

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ, 2009ರಲ್ಲಿ ಫಾರ್ಚೂನರ್ ಹೊರಬಂದವು. ಈ ಮೂರೂ ಲಾರಿಯ ಮಾದರಿಯವು: ಕೆಳಗೆ ಏಣಿಯಂತಹ ಉಕ್ಕಿನ ಚಾಸಿಸ್, ಅದರ ಮೇಲೆ ಕೂರಿಸಿದ ಒಡಲು. 2022ರ ಕೊನೆಯಲ್ಲಿ ಪ್ರಕಟವಾದ ಇನ್ನೋವಾ ಹೈಕ್ರಾಸ್‌ನಲ್ಲಿ ಪ್ರತ್ಯೇಕ ಚಾಸಿಸ್ ಇಲ್ಲ. ನೆಲ, ಕಂಬ, ಛಾವಣಿಗಳೆಲ್ಲ ಬೆಸೆದು ಒಂದೇ ಗೂಡಾಗಿವೆ. ಭಾರ ಹೊರುವುದೂ ಆ ಗೂಡೇ. ‘ಚಾಸಿಸ್ ಇಲ್ಲದ ಗಾಡಿ ಗಟ್ಟಿಯೇ?’ ಎಂಬ ಶಂಕೆ ಸಹಜ. ಆದರೆ ಗಟ್ಟಿತನವು ಲೋಹದ ತೂಕದಲ್ಲಿಲ್ಲ, ಯಾವ ಲೋಹವನ್ನು ಎಲ್ಲಿ ಇರಿಸಿದ್ದಾರೆ ಎಂಬುದರಲ್ಲಿದೆ.

ಕಮ್ಮಾರನು ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗದ್ದಿ ಹದ ಕೊಡುವುದನ್ನು ಹಳ್ಳಿಯ ವಾಚಕರು ಬಲ್ಲರು. ಇಂದಿನ ಅನೇಕ ವಾಹನಗಳ ಬಾಗಿಲ ಕಂಬಗಳ ಹಿಂದಿರುವುದೂ ಅದೇ ವಿದ್ಯೆ. ಬೋರಾನ್ ಬೆರೆಸಿದ ಉಕ್ಕಿನ ಹಾಳೆಯನ್ನು ಸುಮಾರು 900 ಡಿಗ್ರಿಗೆ ಕಾಯಿಸಿ, ತಂಪಾದ ಅಚ್ಚಿನಲ್ಲಿ ಒತ್ತಿ, ಅಲ್ಲಿಯೇ ಥಟ್ಟನೆ ತಣಿಸುತ್ತಾರೆ. ಸಾದಾ ಮೆದು ಉಕ್ಕು ಒಂದು ಚದರ ಮಿಲಿಮೀಟರಿಗೆ ಸುಮಾರು 30 ಕಿಲೋ ಎಳೆತಕ್ಕೆ ಹರಿದರೆ, ಹೀಗೆ ಹದಗೊಂಡದ್ದು 150 ಕಿಲೋದವರೆಗೆ ತಾಳುತ್ತದೆ. ಕುಳಿತವರ ಸುತ್ತ ಇಂತಹ ಬಲವಾದ ಉಕ್ಕು. ಮುಂಭಾಗದಲ್ಲಿ ಮಡಿಸಿಕೊಳ್ಳಬಲ್ಲ ಉಕ್ಕು. ಢಿಕ್ಕಿಯಾದಾಗ ಮೂತಿ ನುಜ್ಜುಗುಜ್ಜಾಗುವುದು ದೋಷವಲ್ಲ; ಪೆಟ್ಟಿನ ಶಕ್ತಿಯನ್ನು ತಾನುಂಡು ಒಳಗಿನವರಿಗೆ ತಗ್ಗಿಸುವುದೇ ಅದರ ಕರ್ತವ್ಯ.

ಇದನ್ನರಿಯದೆ ಕೆಲವರು ಪ್ಲಾಸ್ಟಿಕ್ ಬಂಪರಿನ ಮುಂದೆ ಕಬ್ಬಿಣದ ಕೊಳವೆಯ ಗಾರ್ಡು ಕಟ್ಟಿಸುತ್ತಾರೆ. ಮಡಿಯಬೇಕಾದ ಭಾಗ ಮಡಿಯದೆ ಪೆಟ್ಟು ನೇರವಾಗಿ ಒಳಕ್ಕೆ ಸಾಗಬಹುದು. ಗಾಳಿಚೀಲ ತೆರೆಯಬೇಕಾದ ಕ್ಷಣವೂ ತಪ್ಪಬಹುದು. ಎದುರಿಗೆ ಬಂದ ಪಾದಚಾರಿಗಂತೂ ಅದು ಪ್ರಾಣಾಂತಿಕ. ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿಯೇ ಇವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿತ್ತು. ಆದರೂ ಶೋಕಿ ನಿಂತಿಲ್ಲ!

ಇದಕ್ಕಿಂತ ಸೂಕ್ಷ್ಮವಾದುದು ದುರಸ್ತಿಯ ವಿಷಯ. ಬಾಗಿದ ಮಡ್‌ಗಾರ್ಡನ್ನು ಕಾಯಿಸಿ ಬಡಿದು ಸರಿಮಾಡಿದರೆ ಹೆಚ್ಚಿನ ಹಾನಿಯಿಲ್ಲ. ಹದಗೊಂಡ ಕಂಬಕ್ಕೆ ಗ್ಯಾಸಿನ ಜ್ವಾಲೆ ಹಿಡಿದರೆ ಹದವೇ ಇಳಿದುಹೋಗುತ್ತದೆ. ಮೇಲೆ ಬಣ್ಣ ಬಳಿದ ಮೇಲೆ ವ್ಯತ್ಯಾಸ ಯಾರಿಗೂ ಕಾಣದು. ಮುಂದಿನ ಅಪಘಾತದಲ್ಲಿ ಮಾತ್ರ ಕಂಡೀತು. ಅಂತಹ ಭಾಗವನ್ನು ತಯಾರಕರು ಹೇಳಿದ ಕ್ರಮದಲ್ಲಿ ಬದಲಾಯಿಸಬೇಕೇ ಹೊರತು ತಿದ್ದಬಾರದು. ಹಳೆಯ ವಾಹನ ಕೊಳ್ಳುವವರು ಬಾಗಿಲನ್ನು ತಟ್ಟುವುದಕ್ಕಿಂತ ಅದನ್ನು ತೆರೆದು, ರಬ್ಬರ್ ಪಟ್ಟಿಯನ್ನು ಸರಿಸಿ, ಕಂಬದ ಅಂಚಿನ ಬೆಸುಗೆಯ ಚುಕ್ಕೆಗಳು ಒಂದೇ ಸಮನಾಗಿವೆಯೇ ಎಂದು ನೋಡುವುದು ಮೇಲು.

ಅಲ್ಯೂಮಿನಿಯಂ ಉಕ್ಕಿನ ಸುಮಾರು ಮೂರನೆಯ ಒಂದರಷ್ಟು ತೂಕದ್ದು. 2012ರ ರೇಂಜ್ ರೋವರ್ ಪೂರ್ತಿ ಅದರಿಂದಲೇ ಆದ ಗೂಡನ್ನು ಪಡೆಯಿತು. ಬೆಲೆಯೂ ದುರಸ್ತಿಯೂ ದುಬಾರಿಯಾದ ಕಾರಣ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಅದು ದೂರದ ಮಾತು.

ನಮ್ಮ ಹತ್ತಿರದ ಶತ್ರು ತುಕ್ಕು. ಹಿರೀಸಾವೆಯ ಕಡೆ ಅದರ ಕಾಟ ಅಷ್ಟಿಲ್ಲ. ಇದೇ ಹೆದ್ದಾರಿಯಲ್ಲಿ ಶಿರಾಡಿ ಘಾಟಿ ಇಳಿದು ಕಡಲ ತೀರ ಸೇರಿದರೆ ಉಪ್ಪುಗಾಳಿ ಕಾದಿರುತ್ತದೆ. ಸತುವಿನ ಲೇಪವಿರುವ ಹಾಳೆಗಳು ಇದನ್ನು ಬಹುಕಾಲ ತಡೆಯುತ್ತವೆ. ಆದರೆ ಬಾಗಿಲಿನ ಕೆಳಅಂಚಿನಲ್ಲಿ ನೀರು ಹರಿದುಹೋಗಲು ಬಿಟ್ಟಿರುವ ಸಣ್ಣ ರಂಧ್ರಗಳು ಕೆಸರಿನಿಂದ ಮುಚ್ಚಿಹೋದರೆ ನೀರು ಒಳಗೇ ನಿಂತು, ತಗಡು ಒಳಗಿನಿಂದ ಕೊರೆಯತೊಡಗುತ್ತದೆ. ಮಳೆಗಾಲ ಮುಗಿದೊಡನೆ ಒಂದು ಕಡ್ಡಿಯಿಂದ ಅವನ್ನು ಬಿಡಿಸಿ, ಗಾಡಿಯ ತಳಭಾಗವನ್ನು ಸಿಹಿನೀರಿನಿಂದ ತೊಳೆಸುವುದು ಅರ್ಧ ಗಂಟೆಯ ಕೆಲಸ.